ಹಿನ್ನೀರಿನ ಧರೆ ಜರಿಯುವುದು ದೋಣಿಯ ಅಲೆಗೋ, ಗಾಳಿಯ ಅಲೆಗೋ?

ಪ್ರಶ್ನೆ: ನಮ್ಮ ಅಡಿಕೆ ತೋಟ ಶರಾವತಿ ಹಿನ್ನೀರಿನ ಅಂಚಿನಲ್ಲಿದೆ. ಮೂರು ನಾಲ್ಕು ವರ್ಷಗಳಿಂದ ತೋಟದ ಕೆಳಗಿನ ಧರೆ ಜರಿಯುತ್ತಿದೆ. ಪ್ರವಾಸಿಗರ ಮೋಟಾರು ದೋಣಿಗಳ ಓಡಾಟ ಹೆಚ್ಚಿದ್ದೂ ಇದೇ ಅವಧಿಯಲ್ಲಿ. ದೋಣಿಯವರನ್ನು ಕೇಳಿದರೆ, ‘ಮಳೆಗಾಲದ ಗಾಳಿ ಎಬ್ಬಿಸುವ ಅಲೆಯ ಮುಂದೆ ನಮ್ಮದು ಯಾವ ಲೆಕ್ಕ?’ ಎನ್ನುತ್ತಾರೆ. ಯಾರ ಮಾತು ಸರಿ? ಅದನ್ನು ತಿಳಿಯುವುದು ಹೇಗೆ, ಧರೆ ಉಳಿಸಿಕೊಳ್ಳುವುದು ಹೇಗೆ?

ಉತ್ತರ: ವರ್ಷವಿಡೀ ದಂಡೆಗೆ ಬಡಿದ ಅಲೆಗಳ ಶಕ್ತಿಯನ್ನೆಲ್ಲ ಕೂಡಿಸಿದರೆ, ವಿಶಾಲವಾದ ಹಿನ್ನೀರಿನಲ್ಲಿ ದೋಣಿಯವರ ಮಾತು ಬಹುಪಾಲು ನಿಜ. ಗಾಳಿಯ ಪಾಲು ದೊಡ್ಡದು. ಆದರೆ ಧರೆ ವರ್ಷದ ಮೊತ್ತ ನೋಡಿ ಜರಿಯುವುದಿಲ್ಲ. ನೀರು ಎಷ್ಟು ಎತ್ತರದಲ್ಲಿದ್ದಾಗ, ಯಾವ ದಿಕ್ಕಿಗೆ ಮುಖ ಮಾಡಿದ ದಂಡೆಗೆ, ಎಂಥ ಅಲೆ ಬಡಿಯಿತು ಎಂಬುದೇ ಇಲ್ಲಿ ಮುಖ್ಯ. ಆ ಲೆಕ್ಕ ಹಾಕಿದರೆ ಒಂದೇ ಹಿನ್ನೀರಿನ ಒಂದು ದಂಡೆಯಲ್ಲಿ ದೋಣಿಯವರು ಸರಿ, ಅರ್ಧ ಕಿಲೋಮೀಟರು ಆಚೆಗಿನ ಇನ್ನೊಂದು ದಂಡೆಯಲ್ಲಿ ನೀವು ಸರಿ ಎಂದಾಗಬಹುದು.

ಮೊದಲು ನೀರಿನ ಮಟ್ಟ ನೋಡೋಣ, ಏಕೆಂದರೆ ಎರಡೂ ಕಡೆಯವರು ಮರೆಯುವುದು ಇದನ್ನೇ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಜಲಾಶಯದ್ದೇ ಈ ಹಿನ್ನೀರು; ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮೇ ಕೊನೆಯಿಂದ ಜೂನ್ ಹೊತ್ತಿಗೆ ನೀರು ತಳ ಕಂಡಿರುತ್ತದೆ. ಪಡುವಣ ಗಾಳಿಯ ಅಬ್ಬರ ಜೋರಾಗಿರುವ ಜೂನ್, ಜುಲೈಯಲ್ಲಿ ಅಲೆಗಳು ಬಡಿಯುವುದು ಪೂರ್ಣ ಮಟ್ಟಕ್ಕಿಂತ ಎಷ್ಟೋ ಕೆಳಗಿನ ಬೋಳು ಇಳಿಜಾರಿಗೆ. ಅಲ್ಲಿ ಮೇಲ್ಮಣ್ಣು ಎಂದೋ ಕೊಚ್ಚಿಹೋಗಿ ಜಂಬಿಟ್ಟಿಗೆ ಹರಳು ಮಾತ್ರ ಉಳಿದಿದೆ. ಜಲಾಶಯ ತುಂಬಿ ನಿಮ್ಮ ಧರೆಯ ಬುಡಕ್ಕೆ ನೀರು ತಾಗುವುದು ಒಳ್ಳೆಯ ಮಳೆಯಾದ ವರ್ಷ ಆಗಸ್ಟ್, ಸೆಪ್ಟೆಂಬರಿನಲ್ಲಿ. ಆ ವೇಳೆಗೆ ಗಾಳಿಯ ಜೋರು ಇಳಿಯತೊಡಗಿರುತ್ತದೆ. ಅಕ್ಟೋಬರಿನಿಂದ ಜನವರಿಯವರೆಗೆ ನೀರು ಮೇಲೆಯೇ ಇರುತ್ತದೆ, ಗಾಳಿ ಮಂದವಾಗಿರುತ್ತದೆ, ಪ್ರವಾಸಿಗರು ತುಂಬಿರುತ್ತಾರೆ. ಅಂದರೆ ಮೇಲ್ಮಣ್ಣು, ಬೇರು, ಮರ ಇರುವ ಗೆರೆಗೆ ನೀರು ತಾಗಿರುವ ತಿಂಗಳುಗಳಲ್ಲಿ ಅಲ್ಲಿಗೆ ಬರುವ ದೊಡ್ಡ ಅಲೆಗಳಲ್ಲಿ ದೋಣಿಯವೇ ಹೆಚ್ಚು. ಮಳೆಗಾಲದ ಗಾಳಿಯ ಅಲೆ ಎಷ್ಟೇ ದೊಡ್ಡದಿರಲಿ, ಹತ್ತಾರು ಅಡಿ ಕೆಳಗೆ ಬಡಿದದ್ದು ನಿಮ್ಮ ಧರೆಯನ್ನು ಜರಿಸಿರಲಾರದು.

ಎರಡನೆಯದು ದಿಕ್ಕು. ಪಡುವಣ ಗಾಳಿ ಬಡಿಯುವುದು ನೀರಿನ ಮೂಡಣ ದಂಡೆಗೆ. ನಿಮ್ಮ ತೋಟ ನೀರಿನ ಪಶ್ಚಿಮಕ್ಕಿದ್ದರೆ, ಅಥವಾ ಗುಡ್ಡದ ಮರೆಯಲ್ಲಿ ಒಳಚಾಚಿದ ಕಿರಿದಾದ ನೀರಿನ ಪಕ್ಕದಲ್ಲಿದ್ದರೆ, ಆ ಗಾಳಿ ನಿಮ್ಮ ಪಾಲಿಗೆ ಇಲ್ಲ ಎಂದೇ ಹೇಳಬಹುದು. ಗಾಳಿಯ ಅಲೆ ಬೆಳೆಯಲು ತೆರೆದ ನೀರಿನ ಓಟ ಬೇಕು. ಓಟ ಎಂದರೆ ಗಾಳಿ ಬರುವ ದಿಕ್ಕಿನಲ್ಲಿ ನಿಮ್ಮ ದಂಡೆಯಿಂದ ಎದುರಿನ ನೆಲದವರೆಗಿನ ದೂರ. ಆಳ ಸಾಕಷ್ಟಿರುವ ಕಡೆ ಈ ಅಂದಾಜು ಸಾಕು: ಅಲೆಯ ಎತ್ತರ ಸೆಂಟಿಮೀಟರಿನಲ್ಲಿ ಬೇಕಿದ್ದರೆ, ಸೆಕೆಂಡಿಗೆ ಇಷ್ಟು ಮೀಟರ್ ಎಂದು ಗಾಳಿಯ ವೇಗ ತೆಗೆದುಕೊಂಡು, ಅದನ್ನು ಓಟದ ಮೀಟರುಗಳ ವರ್ಗಮೂಲದಿಂದ ಗುಣಿಸಿ, ಬಂದದ್ದನ್ನು 0.05ರಿಂದ ಗುಣಿಸಿ. ಸಣ್ಣ ಕೊಂಬೆಗಳು ಅಲುಗಾಡಿ ಧೂಳು ಏಳುವ ಗಾಳಿ ಗಂಟೆಗೆ 20ರಿಂದ 28 ಕಿಲೋಮೀಟರಿನದು, ಎಂದರೆ ಸೆಕೆಂಡಿಗೆ ಸುಮಾರು 5.5ರಿಂದ 8 ಮೀಟರ್.

ಸೆಕೆಂಡಿಗೆ 8 ಮೀಟರ್ ಗಾಳಿ, 3 ಕಿಲೋಮೀಟರ್ ಓಟ ಇದ್ದರೆ ಅಲೆಯ ಎತ್ತರ ಸುಮಾರು 22 ಸೆಂಟಿಮೀಟರ್. ಒಂದು ಅಲೆಯ ನೆತ್ತಿಯಿಂದ ಮುಂದಿನದರ ನೆತ್ತಿಗೆ, ಎಂದರೆ ಅಲೆಯ ಅವಧಿ, ಸುಮಾರು 1.8 ಸೆಕೆಂಡ್. ಅದೇ 200 ಮೀಟರ್ ಅಗಲದ ಮರೆಯ ನೀರಿನಲ್ಲಿ ಸೆಕೆಂಡಿಗೆ 4 ಮೀಟರ್ ಗಾಳಿ ಬೀಸಿದರೆ ಎತ್ತರ 3 ಸೆಂಟಿಮೀಟರೂ ಇಲ್ಲ, ಅವಧಿ ಸುಮಾರು 0.6 ಸೆಕೆಂಡ್. ಅದು ಅಲೆಯೆನ್ನುವುದಕ್ಕಿಂತ ನೀರಿನ ಮೇಲಿನ ನಿರಿಗೆ.

ದೋಣಿ ಎಬ್ಬಿಸುವ ಅಲೆಗೆ ಓಟ ಬೇಕಿಲ್ಲ, ಇಕ್ಕಟ್ಟಾದ ನೀರಿನಲ್ಲೂ ಅದು ಅಷ್ಟೇ ಎತ್ತರ ಏಳುತ್ತದೆ. ದೋಣಿ ದಾಟಿದ ಮೇಲೆ ಹತ್ತು ಹದಿನೈದು ಅಲೆಗಳ ಒಂದು ಗುಂಪು ದಂಡೆಗೆ ಬರುತ್ತದೆ. ಮೊದಲು ಉದ್ದನೆಯ ತಗ್ಗು ಅಲೆಗಳು, ನಡುವೆ ಅತಿ ಎತ್ತರದವು, ಕೊನೆಗೆ ಗಿಡ್ಡ ಅಲೆಗಳು. ಅರ್ಧ ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಆರು ಮೀಟರಿನ ದೋಣಿ ದಂಡೆಯ ಹತ್ತಿರ ತಪ್ಪು ವೇಗದಲ್ಲಿ ಹೋದರೆ ಗುಂಪಿನ ದೊಡ್ಡ ಅಲೆ 25 ಸೆಂಟಿಮೀಟರ್, ಅವಧಿ 2 ಸೆಕೆಂಡ್ ಇರುವುದು ಅಸಹಜವಲ್ಲ.

ಈಗ ಎರಡನ್ನೂ ತೂಗೋಣ. ಅಲೆಯ ಎತ್ತರ ಇಮ್ಮಡಿಯಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗುಂಪಿನಲ್ಲಿ ಹತ್ತು ಅಲೆ, ಸರಾಸರಿ ಎತ್ತರ 15 ಸೆಂಟಿಮೀಟರ್ ಎಂದು ಹಿಡಿದರೆ ದೋಣಿ ಒಮ್ಮೆ ದಾಟಿದಾಗ ದಂಡೆಯ ಪ್ರತಿ ಮೀಟರಿಗೆ ತಲುಪುವುದು ಸುಮಾರು 860 ಜೂಲ್. ಮೇಲೆ ಹೇಳಿದ 3 ಕಿಲೋಮೀಟರ್ ಓಟದ ಗಾಳಿ ಒಂದು ಗಂಟೆಯಲ್ಲಿ ಪ್ರತಿ ಮೀಟರಿಗೆ ತರುವುದು ಸುಮಾರು 1,55,000 ಜೂಲ್. ಅದನ್ನು ಸರಿಗಟ್ಟಲು ಗಂಟೆಗೆ 180 ಬಾರಿ ದೋಣಿ ದಾಟಬೇಕು. ಅಂಥ ದಂಡೆಯಲ್ಲಿ, ನೀರು ತುಂಬಿರುವಾಗಲೂ ಅಂಥ ಗಾಳಿ ಬೀಸುತ್ತಿದ್ದರೆ, ದೋಣಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಮರೆಯ ನೀರಿನ ದಂಡೆಗೆ ಬನ್ನಿ. ಅಲ್ಲಿ ಆ ಮಂದ ಗಾಳಿ ಒಂದು ಗಂಟೆ ಬೀಸಿ ತರುವುದು ಸುಮಾರು 840 ಜೂಲ್. ಒಂದು ದೋಣಿ ಒಮ್ಮೆ ದಾಟಿದರೆ ಒಂದು ಗಂಟೆಯ ಗಾಳಿಗೆ ಸಮ. ದಿನಕ್ಕೆ ಮೂವತ್ತು ಸಲ ದಾಟಿದರೆ, ಆ ದಂಡೆ ಹಗಲೂ ರಾತ್ರಿ ಗಾಳಿಯಿಂದ ಉಣ್ಣುವುದಕ್ಕಿಂತ ಹೆಚ್ಚನ್ನು ಹಗಲಿನ ಕೆಲವೇ ಗಂಟೆಗಳಲ್ಲಿ ಉಣ್ಣುತ್ತದೆ.

ಮೊತ್ತದ ಲೆಕ್ಕವೂ ಪೂರ್ತಿ ಚಿತ್ರವಲ್ಲ. ಗಾಳಿಗೆ ಒಡ್ಡಿಕೊಂಡ ದಂಡೆ ದಶಕಗಳಲ್ಲಿ ಅದಕ್ಕೆ ಒಗ್ಗಿಕೊಂಡಿರುತ್ತದೆ: ಇಳಿಜಾರು ಸವೆದು ಮಂದವಾಗಿರುತ್ತದೆ, ನುಣ್ಣನೆ ಮಣ್ಣು ಹೋಗಿ ಹರಳು ಉಳಿದಿರುತ್ತದೆ, ಅಲೆ ದೂರದಲ್ಲೇ ಮುರಿದು ಸುಸ್ತಾಗುತ್ತದೆ. ಮೂರು ಸೆಂಟಿಮೀಟರ್ ನಿರಿಗೆ ಮಾತ್ರ ಕಂಡ ದಂಡೆ ಹಾಗಲ್ಲ. ಅದು ಕಡಿದಾಗಿರುತ್ತದೆ, ಮೆದು ಮಣ್ಣಿನದಾಗಿರುತ್ತದೆ. ಅಲ್ಲಿಗೆ 25 ಸೆಂಟಿಮೀಟರಿನ ಅಲೆ ಮುರಿಯದೆ ಬಂದು ನೇರ ಧರೆಗೇ ಅಪ್ಪಳಿಸುತ್ತದೆ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಗಾರ್ಡನ್ ನದಿಯ ಕೆಳಪಾತ್ರದಲ್ಲಿ ಆದದ್ದು ಇದೇ. ಕಾಡಿನ ಮರೆಯಲ್ಲಿ ಶಾಂತವಾಗಿದ್ದ ದಡಗಳು ಪ್ರವಾಸಿ ಹಡಗುಗಳ ಅಲೆಗೆ ಕುಸಿಯತೊಡಗಿ, ಕೊನೆಗೆ ಹಡಗುಗಳ ವೇಗಕ್ಕೂ ಅವು ಹೋಗಬಹುದಾದ ದೂರಕ್ಕೂ ಮಿತಿ ಹಾಕಬೇಕಾಯಿತು.

ನೀರಿನ ತಳದಲ್ಲಿ ಆಗುವ ವ್ಯತ್ಯಾಸ ಇನ್ನೂ ದೊಡ್ಡದು. ಅಲೆಯ ಅಲುಗಾಟ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಎತ್ತರಕ್ಕಿಂತ ಅವಧಿಯನ್ನು ಅವಲಂಬಿಸಿದೆ. ಆಳ ನೀರಿನಲ್ಲಿ ಒಂದು ಸೆಕೆಂಡಿನ ಅಲೆಯ ಉದ್ದ 1.56 ಮೀಟರ್, ಎರಡು ಸೆಕೆಂಡಿನದು 6.2 ಮೀಟರ್. ಉದ್ದದ ಅರ್ಧದಷ್ಟು ಆಳದವರೆಗೆ ಅಲುಗಾಟ ತಾಗುತ್ತದೆ. ಒಂದು ಕಿಲೋಮೀಟರ್ ಓಟದಲ್ಲಿ ಜೋರು ಗಾಳಿ ಎಬ್ಬಿಸುವ 13 ಸೆಂಟಿಮೀಟರ್, 1.25 ಸೆಕೆಂಡಿನ ಅಲೆ ಒಂದು ಮೀಟರ್ ಆಳದ ತಳದಲ್ಲಿ ನೀರನ್ನು ಸೆಕೆಂಡಿಗೆ ಸುಮಾರು 5 ಸೆಂಟಿಮೀಟರ್ ವೇಗದಲ್ಲಿ ಹಿಂದೆ ಮುಂದೆ ಆಡಿಸುತ್ತದೆ. ದೋಣಿಯ 25 ಸೆಂಟಿಮೀಟರ್, 2 ಸೆಕೆಂಡಿನ ಅಲೆ ಅದೇ ಆಳದಲ್ಲಿ ಸುಮಾರು 26 ಸೆಂಟಿಮೀಟರ್ ವೇಗ ಕೊಡುತ್ತದೆ. ಎರಡು ಮೀಟರ್ ಆಳದಲ್ಲಿ ಗಾಳಿಯಲೆಯ ಅಲುಗಾಟ ಅರ್ಧ ಸೆಂಟಿಮೀಟರಿಗೂ ಕಡಿಮೆ, ದೋಣಿಯಲೆಯದು ಇನ್ನೂ 10 ಸೆಂಟಿಮೀಟರ್. ದೋಣಿ ಹೋದ ಮೇಲೆ ನೀರು ಬಗ್ಗಡವಾಗುವುದು ಇದರಿಂದ. ಹೂಳಿನ ಜೊತೆ ಅದರಲ್ಲಿ ಅಡಗಿದ್ದ ರಂಜಕವೂ ಮೇಲೇಳುತ್ತದೆ, ಅದು ಪಾಚಿಗೆ ಗೊಬ್ಬರ. ಆಳ ಕಡಿಮೆಯಿದ್ದರೆ ಅಲೆಗಿಂತ ಮೊದಲೇ ಪ್ರೊಪೆಲರಿನ ನೂಕು ತಳವನ್ನು ಕದಡಿರುತ್ತದೆ. ಆಳ ತೀರಾ ಕಡಿಮೆಯಿರುವ ಊರ ಕೆರೆಗಳಲ್ಲಿ ಮೋಟಾರು ದೋಣಿಗೆ ಅವಕಾಶವನ್ನೇ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನೀರಿನ ಮೇಲೆ ತೇಲುವ ಗೂಡು ಕಟ್ಟುವ ಗುಳುಮುಳುಕದಂಥ ಹಕ್ಕಿಗಳಿಗೂ ಇದು ಕಂಟಕ. ಅವು ಗಾಳಿ ತಾಗದ ಮರೆ ಹುಡುಕಿ ಗೂಡಿಡುತ್ತವೆ. ದೋಣಿಯಲೆ ಆ ಮರೆಗೇ ನುಗ್ಗುತ್ತದೆ.

ಇನ್ನು ತಿಳಿಯುವ ಬಗೆ. ಕಣ್ಣಂದಾಜು ಬೇಡ, ದಡದಲ್ಲಿ ನಿಂತವರಿಗೆ ಅಲೆ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ಎರಡು ಮೀಟರ್ ಉದ್ದದ ಪಿವಿಸಿ ಪೈಪಿಗೆ 5 ಸೆಂಟಿಮೀಟರಿಗೊಂದರಂತೆ ಕೆಂಪು ಬಿಳಿ ಪಟ್ಟಿ ಬಳಿದು, ನಡುವೆ ಒಂದೊಂದು ಸೆಂಟಿಮೀಟರಿಗೆ ಗೆರೆ ಎಳೆಯಿರಿ. ದಂಡೆಯಿಂದ ಐದಾರು ಮೀಟರ್ ಆಚೆ, ಸುಮಾರು ಒಂದು ಮೀಟರ್ ನೀರಿರುವಲ್ಲಿ ಕಬ್ಬಿಣದ ಸರಳು ಬಡಿದು ಪೈಪನ್ನು ಅದಕ್ಕೆ ಬಿಗಿಯಿರಿ. ಹೂಳಿನಲ್ಲಿ ಬರೀ ಪೈಪು ನಿಲ್ಲಿಸಿದರೆ ಅಲೆಗೆ ಓಲಾಡಿ ಅಳತೆ ಕೆಡುತ್ತದೆ. ಕಲ್ಲಿನ ಗೋಡೆಯ ಎದುರು ನಿಲ್ಲಿಸಬೇಡಿ, ಬಂದ ಅಲೆಯೂ ಮರಳಿದ ಅಲೆಯೂ ಸೇರಿ ಎತ್ತರ ಇಮ್ಮಡಿ ತೋರಿಸುತ್ತದೆ. ಮೊಬೈಲನ್ನು ದಡದಲ್ಲಿ ಭದ್ರವಾಗಿ ನಿಲ್ಲಿಸಿ, ಪೈಪು ತುಂಬ ಕಾಣುವಂತೆ ವಿಡಿಯೊ ಮಾಡಿ. ದೋಣಿ ಬರುವುದಕ್ಕೆ ಒಂದು ನಿಮಿಷ ಮೊದಲು ಶುರು ಮಾಡಿ, ದಾಟಿದ ಮೂರು ನಿಮಿಷದ ನಂತರ ನಿಲ್ಲಿಸಿ. ಆಮೇಲೆ ನಿಧಾನವಾಗಿ ಓಡಿಸಿ ನೆತ್ತಿಗೂ ತಗ್ಗಿಗೂ ಇರುವ ಅಂತರ ಬರೆದುಕೊಳ್ಳಿ. ಗಾಳಿಯಲೆಯಾದರೆ ಹತ್ತು ನಿಮಿಷದ ವಿಡಿಯೊದಲ್ಲಿ ನೂರು ಅಲೆ ಅಳೆದು, ಅವುಗಳಲ್ಲಿ ಎತ್ತರದ 33ರ ಸರಾಸರಿ ತೆಗೆಯಿರಿ. ಮೇಲಿನ ಸೂತ್ರ ಕೊಡುವುದು ಆ ಎತ್ತರವನ್ನೇ. ದೋಣಿಯವರು ಒಪ್ಪಿದರೆ ಒಂದೇ ದೋಣಿಯನ್ನು ಒಂದೇ ದೂರದಲ್ಲಿ ಮೂರು ವೇಗಗಳಲ್ಲಿ, ಒಂದೊಂದಕ್ಕೂ ನಾಲ್ಕೈದು ಸಲ ಓಡಿಸಿ ನೋಡಿ. ಅವರ ಕಣ್ಣೆದುರೇ ಅಳೆದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಧರೆ ಎಷ್ಟು ಹೋಗುತ್ತಿದೆ ಎಂದು ಅಳೆಯಲು 8 ಮಿಲಿಮೀಟರ್ ದಪ್ಪದ, 60 ಸೆಂಟಿಮೀಟರ್ ಉದ್ದದ ಸರಳುಗಳು ಸಾಕು. ಧರೆಯ ಮುಖಕ್ಕೆ ಅಡ್ಡಲಾಗಿ ಬಡಿದು 10 ಸೆಂಟಿಮೀಟರ್ ಹೊರಗೆ ಬಿಡಿ. ಪೂರ್ಣ ಮಟ್ಟದ ಗೆರೆಯಲ್ಲಿ ಒಂದು ಸಾಲು, ಅದಕ್ಕಿಂತ 40 ಸೆಂಟಿಮೀಟರ್ ಮೇಲೆ ಇನ್ನೊಂದು, ಐದೈದು ಮೀಟರಿಗೆ ಒಂದರಂತೆ. ನಿಮ್ಮ ಧರೆಗೆ ಮಾತ್ರ ಹಾಕಿದರೆ ಏನೂ ಸಾಬೀತಾಗುವುದಿಲ್ಲ. ನಿಮ್ಮ ಧರೆಯ ದಿಕ್ಕಿಗೇ ಮುಖ ಮಾಡಿರುವ, ಅದೇ ಮಣ್ಣಿನ, ದೋಣಿ ಸುಳಿಯದ ಇನ್ನೊಂದು ಜಾಗಕ್ಕೂ ಹಾಕಿ. ದೋಣಿ ಓಡಾಡುವ, ಗಾಳಿ ತಾಗದ ಜಾಗ ಸಿಕ್ಕರೆ ಅಲ್ಲಿಗೂ ಹಾಕಿ. ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟವನ್ನು ದಿನವೂ ಬರೆದಿಡಿ, ಮಟ್ಟ ಗೊತ್ತಿಲ್ಲದ ಅಳತೆಯನ್ನು ಓದಲು ಬರುವುದಿಲ್ಲ. ನೀರು ಧರೆಗೆ ತಾಗಿದ ದಿನ, ಪ್ರವಾಸಿಗರ ಹಂಗಾಮು ಶುರುವಾದಾಗ, ಆಮೇಲೆ ತಿಂಗಳಿಗೊಮ್ಮೆ, ಕೊನೆಗೆ ನೀರು ಇಳಿದ ದಿನ ಸರಳಿನ ಹೊರಚಾಚು ಅಳೆಯಿರಿ.

ಬಗ್ಗಡಕ್ಕೆ ಇನ್ನೂ ಸುಲಭದ ಪರೀಕ್ಷೆ ಇದೆ. ಗಾಳಿಗೆ ವಾರದ ಲೆಕ್ಕವಿಲ್ಲ, ದೋಣಿಗಿದೆ. 20 ಸೆಂಟಿಮೀಟರ್ ಅಗಲದ ತಟ್ಟೆಗೆ ನಾಲ್ಕು ಕಾಲುಭಾಗ ಮಾಡಿ ಕಪ್ಪು ಬಿಳಿ ಬಳಿದು, ತೂಕ ಕಟ್ಟಿ, ಗುರುತು ಹಾಕಿದ ಹಗ್ಗದಲ್ಲಿ ಇಳಿಬಿಡಿ. ತಟ್ಟೆ ಎಷ್ಟು ಆಳದಲ್ಲಿ ಮರೆಯಾಗುತ್ತದೆ ನೋಡಿ. ಮಂಗಳವಾರ, ಬುಧವಾರ ಒಮ್ಮೆ, ಶನಿವಾರ, ಭಾನುವಾರ ಒಮ್ಮೆ, ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಎಂಟು ವಾರ ಮಾಡಿ. ವಾರದ ಕೊನೆಯಲ್ಲಿ ಮಾತ್ರ ಆಳ ಕಡಿಮೆಯಾಗುತ್ತಿದ್ದರೆ ಉತ್ತರ ನಿಮ್ಮ ಕೈಯಲ್ಲಿದೆ.

ಅಳೆಯುವ ಮುಂಚೆ ಧರೆಯ ನೆತ್ತಿಯನ್ನೂ ಒಮ್ಮೆ ನಡೆದು ನೋಡಿ. ಅಂಚಿನಿಂದ ಒಂದೆರಡು ಮೀಟರ್ ಒಳಗೆ, ಅಂಚಿಗೆ ಸಮಾನಾಂತರವಾಗಿ ಬಿರುಕು ಇದ್ದರೆ ಅದು ಅಲೆಯ ಕೆಲಸವಲ್ಲದಿರಬಹುದು. ನೀರು ಕುಡಿದು ಭಾರವಾದ ಮಣ್ಣು, ಜಲಾಶಯದ ಮಟ್ಟ ಬೇಗ ಇಳಿದಾಗ ಎದುರಿನ ಆಸರೆ ತಪ್ಪಿ ಇಡಿಯಾಗಿ ಜಾರುತ್ತದೆ. ಅಡಿಕೆ ತೋಟಗಳಲ್ಲಿ ಇನ್ನೊಂದು ಕಾರಣ ಪದೇ ಪದೇ ಕಣ್ತಪ್ಪುತ್ತದೆ: ಬಸಿಗಾಲುವೆಯ ನೀರು ಧರೆಯ ಮೇಲಿಂದ ನೇರ ಕೆಳಗೆ ಧುಮುಕುವುದು. ಜರಿದ ಜಾಗ ಬಸಿಗಾಲುವೆಯ ಬಾಯಿಗೇ ಸರಿಯಾಗಿದ್ದರೆ ಮೊದಲು ಆ ನೀರನ್ನು ಪೈಪಿನಲ್ಲಿ ಬುಡದವರೆಗೆ ಇಳಿಸಿ. ಅಲೆ ಕೊರೆದ ಧರೆಯ ಗುರುತು ಬೇರೆ: ನೀರಿನ ಗೆರೆಯಲ್ಲಿ ಒಳಕ್ಕೆ ಕೊರೆದ ಗೂಡು, ಅದರ ಮೇಲೆ ಜೋತುಬಿದ್ದ ಬೇರುಗಳು, ಬುಡದಲ್ಲಿ ಮುರಿದುಬಿದ್ದ ಹೆಂಟೆಗಳು.

ದೋಣಿಯೇ ಕಾರಣ ಎಂದಾದರೆ ‘ನಿಧಾನ ಹೋಗಿ’ ಎಂದಷ್ಟೇ ಕೇಳಬೇಡಿ. ಅರೆಬರೆ ನಿಧಾನ ಅತ್ಯಂತ ಕೆಟ್ಟದ್ದು. ನೀರು ಸೀಳುತ್ತ ಹೋಗುವ ದೋಣಿಗೆ ಒಂದು ಮಿತಿವೇಗವಿದೆ: ನೀರಿಗೆ ತಾಗುವ ಉದ್ದದ ವರ್ಗಮೂಲವನ್ನು 4.5ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. ಆರು ಮೀಟರಿಗೆ ಅದು 11 ಕಿಲೋಮೀಟರ್. ಅದನ್ನು ಮೀರಿ, ನೀರಿನ ಮೇಲೆ ಜಾರುವಷ್ಟು ವೇಗವನ್ನೂ ಮುಟ್ಟದೆ, ಹಿಂಭಾಗ ಹುದುಗಿ ಮೂತಿ ಎತ್ತಿಕೊಂಡು ಹೋಗುವಾಗ ದೋಣಿ ಏಳಿಸುವ ಅಲೆ ಅತಿ ದೊಡ್ಡದು. ಪೂರ್ಣ ವೇಗದಲ್ಲಿದ್ದವನು ದಂಡೆ ಕಂಡು ಗಂಟೆಗೆ 15 ಕಿಲೋಮೀಟರಿಗೆ ಇಳಿಸಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ತಗ್ಗು ನೀರಿನಲ್ಲಿ ಇನ್ನೊಂದು ಅಪಾಯ: ಆಳದ ವರ್ಗಮೂಲವನ್ನು 11.3ರಿಂದ ಗುಣಿಸಿದ ವೇಗದ ಆಸುಪಾಸಿನಲ್ಲಿ ಅಲೆ ಒಮ್ಮೆಲೆ ಉಬ್ಬುತ್ತದೆ. ಎರಡು ಮೀಟರ್ ನೀರಿಗೆ ಅದು ಗಂಟೆಗೆ 16 ಕಿಲೋಮೀಟರ್. ಆದ್ದರಿಂದ ಕಿರಿದಾದ ನೀರಿನಲ್ಲಿ ಆರು ಮೀಟರಿನ ದೋಣಿಗೆ ಗಂಟೆಗೆ 8 ಕಿಲೋಮೀಟರ್ ಮಿತಿ ಕೇಳಿ. ವೇಗ ಏರಿಸುವುದು, ಇಳಿಸುವುದು ನಡುನೀರಿನಲ್ಲೇ ಆಗಲಿ. ದಂಡೆಯ ಹತ್ತಿರ ಗಿರಕಿ ಹೊಡೆಯುವುದು ಪೂರ್ತಿ ನಿಲ್ಲಲಿ, ತಿರುವಿನ ಒಳಬದಿಗೆ ಅಲೆಗಳು ಒಟ್ಟುಗೂಡಿ ಎತ್ತರವಾಗುತ್ತವೆ. ಪ್ರಯಾಣಿಕರೆಲ್ಲ ಹಿಂದೆ ಕೂರದೆ ಹರಡಿ ಕೂರಲಿ. ಉದ್ದನೆಯ ಲಾಂಚು ನೋಡಲು ಭಾರಿಯಾದರೂ, 15 ಮೀಟರಿನದಕ್ಕೆ ಮಿತಿವೇಗ ಗಂಟೆಗೆ 17 ಕಿಲೋಮೀಟರಿನಷ್ಟು. ಅದು ಹತ್ತರಲ್ಲಿ ಸಾಗಿದರೆ, ಅದೇ ನೀರಿನಲ್ಲಿ 15ರಲ್ಲಿ ಹೋಗುವ ಪುಟ್ಟ ದೋಣಿಗಿಂತ ಸೌಮ್ಯ.

ದೂರದಿಂದ ಸಿಗುವ ಲಾಭ ಜನ ಎಣಿಸಿದಷ್ಟಿಲ್ಲ. ಆಳದ ನೀರಿನಲ್ಲಿ ದೂರ ಎಂಟು ಪಟ್ಟಾದರೆ ಎತ್ತರ ಅರ್ಧವಾಗುತ್ತದೆ. 30 ಮೀಟರಿನಿಂದ 60 ಮೀಟರಿಗೆ ಸರಿದರೆ ಇಳಿಯುವುದು ಐದನೆಯ ಒಂದು ಪಾಲು ಮಾತ್ರ. ಅರ್ಧಕ್ಕಿಳಿಸಲು 240 ಮೀಟರ್ ಬೇಕು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಥನಿ ಫಾಲ್ಸ್ ಪ್ರಯೋಗಾಲಯ 2022ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಬೇಕೆಂದೇ ದೊಡ್ಡ ಅಲೆ ಎಬ್ಬಿಸುವ ವೇಕ್‌ಸರ್ಫ್ ದೋಣಿಗಳ ಅಲೆ, ಸಾಮಾನ್ಯ ದೋಣಿಯದು 200 ಅಡಿಯಲ್ಲಿ ಇರುವ ಮಟ್ಟಕ್ಕೆ ಇಳಿಯಲು 500 ಅಡಿಗೂ ಹೆಚ್ಚು ದೂರ ಬೇಕಾಯಿತು. ವರ್ಮಾಂಟ್ ರಾಜ್ಯ 2024ರಲ್ಲಿ ಅಂಥ ಆಟಕ್ಕೆ ದಂಡೆಯಿಂದ 500 ಅಡಿ ದೂರ, 20 ಅಡಿ ಆಳ, 50 ಎಕರೆ ನೀರು ಕಡ್ಡಾಯ ಮಾಡಿತು. ನಿಮ್ಮಲ್ಲಿ ಓಡುವವು ಅಂಥ ದೋಣಿಗಳಲ್ಲದಿದ್ದರೂ, ತೆರೆದ ನೀರಿನಲ್ಲಿ 150 ಮೀಟರ್ ದೂರದ ದಾರಿ ಗುರುತಿಸುವುದು ಸಾಧ್ಯವಿರುವಲ್ಲಿ ಅದನ್ನೇ ಕೇಳಿ.

ಧರೆಯ ರಕ್ಷಣೆಯಲ್ಲಿ ಹೆಚ್ಚು ಹಣ ಪೋಲಾಗುವುದು ನೆಟ್ಟಗಿನ ಗೋಡೆಗೆ. ಅದು ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ತನ್ನ ಬುಡವನ್ನೇ ಕೊರೆಸಿಕೊಳ್ಳುತ್ತದೆ, ಕೆಲವೇ ವರ್ಷಗಳಲ್ಲಿ ಮುಂದಕ್ಕೆ ವಾಲುತ್ತದೆ. ಧರೆಯನ್ನು ಒಂದಕ್ಕೆರಡರ ಇಳಿಜಾರಿಗೆ (ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಅಡ್ಡ) ತಂದು ಕಾಡುಗಲ್ಲಿನ ಪಿಚ್ಚಿಂಗ್, ಎಂದರೆ ಕಲ್ಲುಹಾಸು, ಮಾಡುವುದು ಲೇಸು. 30 ಸೆಂಟಿಮೀಟರ್ ಅಲೆಗೆ ಲೆಕ್ಕದ ಪ್ರಕಾರ ಮೂರೂವರೆ ಕಿಲೋ ತೂಕದ ಕಲ್ಲು ಸಾಕು, 60 ಸೆಂಟಿಮೀಟರಿಗೆ ಅದರ ಎಂಟು ಪಟ್ಟು ಬೇಕು. 25 ಸೆಂಟಿಮೀಟರ್ ಗಾತ್ರದ ಕಲ್ಲು ಬಳಸಿದರೆ ಎರಡಕ್ಕೂ ಆಯಿತು. ಕಲ್ಲಿನಡಿ 15 ಸೆಂಟಿಮೀಟರ್ ಜಲ್ಲಿ ಹಾಸಲೇಬೇಕು. ಜಲ್ಲಿಯಿಲ್ಲದಿದ್ದರೆ ಅಲೆ ಹಿಂದೆ ಸರಿಯುವಾಗ ಸಂದಿಯಿಂದ ಮಣ್ಣನ್ನು ಹೀರಿ, ಕಲ್ಲು ಒಂದೊಂದಾಗಿ ಕುಸಿಯುತ್ತದೆ. ಬುಡದಲ್ಲಿ ಅರ್ಧ ಮೀಟರ್ ಆಳದ ಕಾಲುವೆ ತೋಡಿ ಮೊದಲ ಸಾಲಿನ ಕಲ್ಲು ಹೂಳಿ. ಅದರ ಮೇಲೆ, ಪೂರ್ಣ ಮಟ್ಟದ ಗೆರೆಯಿಂದಾಚೆ, 15 ಸೆಂಟಿಮೀಟರಿಗೊಂದರಂತೆ ಲಾವಂಚದ ಎರಡು ಸಾಲು, ಹಿಂದೆ ವಾಟೆ. ಪೂರ್ಣ ಮಟ್ಟದ ಗೆರೆಯೊಳಗಿನ ನೆಲ ಜಲಾಶಯದ್ದು, ಅಲ್ಲಿ ಕಲ್ಲು ಹಾಕುವ ಮುಂಚೆ ಅನುಮತಿ ಪಡೆಯಿರಿ.

ಬಿದಿರಿನ ತೆಪ್ಪ ಕಟ್ಟಿ ದಂಡೆಯ ಮುಂದೆ ತೇಲಿಬಿಡುವ ಸಲಹೆ ನಿಮಗೆ ಬಂದೇ ಬರುತ್ತದೆ. ಒಂದು ಮೀಟರ್ ಅಗಲದ ತೆಪ್ಪ ಅರ್ಧ ಮೀಟರ್ ಉದ್ದದ ಗಾಳಿನಿರಿಗೆಯನ್ನು ಚೆನ್ನಾಗಿ ತಡೆಯುತ್ತದೆ. ದೋಣಿಯ ಆರು ಮೀಟರ್ ಉದ್ದದ ಅಲೆ ತೆಪ್ಪವನ್ನೇ ಎತ್ತಿ ಇಳಿಸಿ ಅದರಡಿಯಿಂದ ಸಾಗಿಬರುತ್ತದೆ. ಅದನ್ನು ತಡೆಯಲು ತೆಪ್ಪದ ಅಗಲ ಮೂರು ಮೀಟರಿಗೆ ಕಡಿಮೆಯಿರಬಾರದು, ಮಟ್ಟ ಇಳಿದಂತೆ ಜಾರಲು ಲಂಗರಿನ ಹಗ್ಗ ಸಡಿಲವಾಗಿರಬೇಕು. ಧರೆ ಅಳೆಯುವ ಸರಳುಗಳನ್ನು ಮಾತ್ರ ನೀರು ಇಳಿದಿರುವ ಏಪ್ರಿಲ್, ಮೇ ತಿಂಗಳಲ್ಲೇ ಬಡಿದುಬಿಡಿ. ನೀರು ಬಂದ ಮೇಲೆ ಪೂರ್ಣ ಮಟ್ಟದ ಗೆರೆಯಲ್ಲಿ ಸರಿಯಾಗಿ ಬಡಿಯಲು ಆಗುವುದಿಲ್ಲ.